ಸುದ್ದಿಗೂ ಒಂದು ತಕ್ಕಡಿ ಇದೆ

(ಅಮ್ಮತ್ತಿಯ ಮಸೀದಿಯಲ್ಲಿ ನೀಡಿದ ಜುಮುಆ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅಂತ್ಯಪ್ರವಾದಿ ಮುಹಮ್ಮದ್ ಮುಸ್ತಫಾ(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಸದಾ ಇರಲಿ.

ಗೌರವಾನ್ವಿತ ಸತ್ಯವಿಶ್ವಾಸಿಗಳೇ, ಮೊದಲು ನಮಗೂ ಆಮೇಲೆ ನಿಮಗೂ ತಖ್ವಾದ ವಸಿಯ್ಯತ್ ಮಾಡುತ್ತೇವೆ. ಒಂಟಿಯಾಗಿದ್ದಾಗಲೂ ಗುಂಪಿನಲ್ಲಿದ್ದಾಗಲೂ, ಬಾಯಲ್ಲಿ ಮಾತನಾಡುವಾಗಲೂ ಬೆರಳಿನಲ್ಲಿ ಮೊಬೈಲ್ ಒತ್ತುವಾಗಲೂ ಅಲ್ಲಾಹನು ನೋಡುತ್ತಿದ್ದಾನೆ ಎಂಬ ಅರಿವು ನಮ್ಮನ್ನು ಬಿಡದಿರಲಿ.

ನವೆಂಬರ್ ತಿಂಗಳು ಬಂತು. ತೋಟಗಳಲ್ಲಿ ಅರೇಬಿಕಾ ಹಣ್ಣಾಗಿದೆ, ಅದರ ಬೆನ್ನಿಗೆ ರೊಬಸ್ಟಾ ಬರುತ್ತದೆ. ನಮ್ಮ ಜಮಾಅತಿನಲ್ಲಿ ಸ್ವಲ್ಪ ತೋಟ ಇರುವವರಿದ್ದಾರೆ, ತೋಟದಲ್ಲಿ ದುಡಿಯುವವರಿದ್ದಾರೆ, ಕಾಫಿ ಮತ್ತು ಕರಿಮೆಣಸು ಕೊಳ್ಳುವ ವ್ಯಾಪಾರಿಗಳಿದ್ದಾರೆ. ತಕ್ಕಡಿ ಎಂದರೇನು ಎಂದು ಅಮ್ಮತ್ತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಟೆಯಿಂದ ಒಂದು ಹಿಡಿ ತೆಗೆದು ಔಟ್‌ಟರ್ನ್ ನೋಡದೆ, ತೇವಾಂಶ ನೋಡದೆ ಯಾವ ವ್ಯಾಪಾರಿಯೂ ಕಾಫಿಗೆ ಬೆಲೆ ಕಟ್ಟುವುದಿಲ್ಲ. ತೂಗುವಾಗ ಮಾರುವವನ ಕಣ್ಣು ತಕ್ಕಡಿ ಬಿಟ್ಟು ಕದಲುವುದಿಲ್ಲ.

ಪವಿತ್ರ ಕುರ್‌ಆನಿನಲ್ಲಿ ತೂಕದ ಹೆಸರಿನಲ್ಲೇ ಒಂದು ಅಧ್ಯಾಯವಿದೆ. ಅದು 83ನೇ ಸೂರಾ, ಅಲ್ ಮುತಫ್ಫಿಫೀನ್. ಜನರಿಂದ ತಾವು ಪಡೆಯುವಾಗ ಪೂರ್ತಿ ಅಳೆದುಕೊಳ್ಳುವ, ಜನರಿಗೆ ತಾವು ಕೊಡುವಾಗ ಅಳತೆ ಕಡಿಮೆ ಮಾಡುವ ಮಂದಿಗೆ ನಾಶ ಕಾದಿದೆ ಎಂಬ ಎಚ್ಚರಿಕೆಯಿಂದ ಅದು ಆರಂಭವಾಗುತ್ತದೆ. ಈ ಮಂದಿಯ ತಪ್ಪೇನು ಎಂದು ಸ್ವಲ್ಪ ಗಮನಿಸಿ. ಅವರಿಗೆ ಸರಿಯಾದ ತೂಕ ಗೊತ್ತಿಲ್ಲ ಎಂದಲ್ಲ. ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ತಮಗೊಂದು ತಕ್ಕಡಿ, ಇತರರಿಗೊಂದು ತಕ್ಕಡಿ ಇಟ್ಟುಕೊಂಡಿದ್ದಾರೆ. ಇಂದು ನಾವು ಕಾಫಿಯ ತೂಕದ ಬಗ್ಗೆ ಮಾತನಾಡುವುದಿಲ್ಲ. ಸುದ್ದಿಯ ತೂಕದ ಬಗ್ಗೆ ಮಾತನಾಡುತ್ತೇವೆ.

ಆ ನವೆಂಬರಿನ ಎರಡು ಸಾವುಗಳು

ಕೊಡಗಿನಲ್ಲಿ ನವೆಂಬರ್ ಬಂದಾಗಲೆಲ್ಲ ಹಿರಿಯರ ಮನಸ್ಸಿಗೆ ಒಂದು ದಿನ ನೆನಪಾಗುತ್ತದೆ. 2015ರ ನವೆಂಬರ್ 10. ರಾಜ್ಯ ಸರಕಾರ ಮೊದಲ ಬಾರಿಗೆ ಟಿಪ್ಪು ಜಯಂತಿ ಆಚರಿಸಿದ ದಿನ. ದೀಪಾವಳಿಯ ಹೊತ್ತು. ಮಡಿಕೇರಿಯಲ್ಲಿ ಆಚರಣೆಯ ಪರ ಇದ್ದವರೂ ವಿರೋಧಿಸಿದವರೂ ಬೀದಿಗಿಳಿದರು. ಮಾತು ಘೋಷಣೆಯಾಯಿತು, ಘೋಷಣೆ ಕಲ್ಲಾಯಿತು. ಹಿಂದೂ ಸಂಘಟನೆಯೊಂದರ ಮುಖಂಡರೊಬ್ಬರು ಪ್ರಾಣ ಕಳೆದುಕೊಂಡರು. ಅದೇ ದಿನ ಗುಂಡೇಟು ತಿಂದ ಮುಸ್ಲಿಂ ಯುವಕನೊಬ್ಬ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. 2019ರ ಜುಲೈಯಲ್ಲಿ ಬಂದ ಮತ್ತೊಂದು ಸರಕಾರ ಆ ಆಚರಣೆಯನ್ನೇ ರದ್ದು ಮಾಡಿತು. ಜಯಂತಿ ಬಂತು, ಹೋಯಿತು. ಆ ಎರಡು ಮನೆಗಳಿಗೆ ಹೋದವರು ಮಾತ್ರ ಮರಳಿ ಬರಲಿಲ್ಲ.

ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಅನೇಕರಿಗೆ ಅಭಿಮಾನವಿದೆ. ನಮ್ಮ ನೆರೆಯ ಕೊಡವ ಮನೆಗಳಲ್ಲಿ ದೇವಟ್ಟಿಪರಂಬಿನ ನೋವಿದೆ. ಇನ್ನೂರು ವರ್ಷಕ್ಕೂ ಹಿಂದಿನ ಚರಿತ್ರೆಗೆ ತೀರ್ಪು ಕೊಡುವುದು ಮಿಂಬರಿನ ಕೆಲಸವಲ್ಲ. ಆದರೆ ಆ ದಿನ ನಮ್ಮ ಕಣ್ಣೆದುರು ನಡೆದದ್ದಕ್ಕೆ ನಾವು ಸಾಕ್ಷಿಗಳು. ಆ ಸಾಕ್ಷ್ಯದಲ್ಲಿ ನಾವು ಏನು ಮಾಡಿದೆವು?

ಸಂಘಟನೆಯ ಮುಖಂಡರ ಸಾವಿಗೆ ಕಲ್ಲೇಟು ಕಾರಣ ಎಂದು ಕೆಲವರು ವರದಿ ಮಾಡಿದರು, ಗಲಭೆಯಲ್ಲಿ ಎತ್ತರದಿಂದ ಬಿದ್ದದ್ದು ಕಾರಣ ಎಂದು ಇನ್ನು ಕೆಲವರು. ಯಾರು ಯಾವುದನ್ನು ನಂಬಿದರು? ತನಿಖೆ ನಡೆಯುವ ಮೊದಲೇ, ಯಾರಿಗೆ ಯಾವುದು ಬೇಕಿತ್ತೋ ಅದನ್ನು ನಂಬಿದರು. ನಾವು ಕುಳಿತ ಹೋಟೆಲಿನಲ್ಲಿ ನಮ್ಮ ಯುವಕನ ಸಾವಿನ ಮಾತು ಮಾತ್ರ ಇತ್ತು. ಅವರು ಕುಳಿತ ಕಡೆ ಅವರ ಮುಖಂಡರ ಸಾವಿನ ಮಾತು ಮಾತ್ರ ಇತ್ತು. ಎರಡೂ ಮನೆಗಳಲ್ಲಿ ಅಳು ಇತ್ತು. ಒಂದು ಜೀವವನ್ನು ಅನ್ಯಾಯವಾಗಿ ತೆಗೆದವನು ಇಡೀ ಮನುಕುಲವನ್ನೇ ಕೊಂದಂತೆ ಎಂಬುದು ಸೂರಾ ಅಲ್ ಮಾಇದಾದ 32ನೇ ವಚನದ ಪಾಠ. ಅಲ್ಲಿ ಜೀವ ಎಂದಿದೆ, ನಮ್ಮ ಜೀವ ಎಂದಿಲ್ಲ. ಆದರೂ ನಾವು ಒಂದು ಸಾವನ್ನು ಪೂರ್ತಿ ತೂಗಿ, ಇನ್ನೊಂದನ್ನು ತಕ್ಕಡಿಗೇ ಹಾಕಲಿಲ್ಲ.

ಚಿತ್ರ ನಿಜ, ಸುದ್ದಿ ಸುಳ್ಳು

ಆ ವಾರ ನಡೆದ ಒಂದು ಸಣ್ಣ ಘಟನೆಯನ್ನು ಇಂದು ಹೇಳಬೇಕು. ಅಂಗಡಿಗಳು ಮುಚ್ಚಿದ್ದವು. ಆ ಊರಲ್ಲಿ ಹಾಗಾಯಿತಂತೆ, ಈ ಊರಲ್ಲಿ ಹೀಗಾಯಿತಂತೆ ಎಂಬ ಮಾತುಗಳು ಮಾತ್ರ ತೆರೆದಿದ್ದವು. ಒಂದು ಸಂಜೆ ನಮ್ಮ ಪರಿಚಯದ ಕೊಡವ ಹಿರಿಯರೊಬ್ಬರು, ತೋಟ ಇರುವವರು, ನಮಗೆ ಫೋನ್ ಮಾಡಿದರು. “ಉಸ್ತಾದ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪಳ್ಳಿಯಲ್ಲಿ ಕಲ್ಲು ಕೂಡಿಟ್ಟಿದ್ದಾರೆ ಅಂತ ನನ್ನ ಮೊಬೈಲಿಗೆ ಫೋಟೋ ಬಂದಿದೆ. ಹೌದಾ?”

ನಮಗೆ ಮೊದಲು ಸಿಟ್ಟು ಬಂತು. ಆಮೇಲೆ, “ಬಂದು ನೋಡಿ” ಎಂದೆವು. ಅವರು ಬಂದರು. ಮಸೀದಿಯ ಹಿಂದುಗಡೆ ನಿಜಕ್ಕೂ ಕಲ್ಲಿನ ರಾಶಿ ಇತ್ತು. ಕಾಂಪೌಂಡ್ ಕಟ್ಟಲು ತಂದ ಸೈಜುಗಲ್ಲು. ಪಕ್ಕದಲ್ಲೇ ಜಲ್ಲಿ, ಮರಳು, ಅರ್ಧ ಎದ್ದ ಗೋಡೆ. ಫೋಟೋ ತೆಗೆದವನು ಗೋಡೆಯನ್ನು ಬಿಟ್ಟು, ಕಲ್ಲನ್ನು ಮಾತ್ರ ತೆಗೆದಿದ್ದ. ಆ ಹಿರಿಯರು ಅಲ್ಲೇ ನಿಂತು ಅದೇ ಗುಂಪಿಗೆ ಬರೆದರು: ಇದು ಕಾಂಪೌಂಡ್ ಕೆಲಸದ ಕಲ್ಲು, ನಾನೇ ನೋಡಿ ಬಂದೆ. ಅಷ್ಟೇ. ಆ ಮಾತು ಅಲ್ಲಿಗೆ ಸತ್ತಿತು.

ಸಹೋದರರೇ, ಚಿತ್ರ ನಿಜವಾಗಿತ್ತು. ಕಲ್ಲೂ ನಿಜವಾಗಿತ್ತು. ಸುದ್ದಿ ಮಾತ್ರ ಸುಳ್ಳಾಗಿತ್ತು. ಅವರು ಕೇಳದೆಯೇ ಆ ಫೋಟೋವನ್ನು ಇನ್ನು ಹತ್ತು ಮಂದಿಗೆ ಕಳಿಸಿದ್ದರೆ ಆ ರಾತ್ರಿ ಏನಾಗುತ್ತಿತ್ತು ಎಂದು ಅಲ್ಲಾಹನೇ ಬಲ್ಲ. ನಂಬಲಾಗದವನು ಒಂದು ಸುದ್ದಿ ತಂದರೆ ಪರಿಶೀಲಿಸಿ, ಇಲ್ಲದಿದ್ದರೆ ತಿಳಿಯದೆ ಒಂದು ಜನಕ್ಕೆ ಹಾನಿ ಮಾಡಿ ನೀವೇ ಪಶ್ಚಾತ್ತಾಪ ಪಡಬೇಕಾದೀತು ಎಂಬ ಅರ್ಥದ ಆಜ್ಞೆ ಸೂರಾ ಅಲ್ ಹುಜುರಾತಿನ 6ನೇ ವಚನದಲ್ಲಿದೆ. ಆ ವಚನವನ್ನು ಓದದ ಒಬ್ಬ ನೆರೆಯವರು ಅಂದು ಅದರಂತೆ ನಡೆದರು.

ಇನ್ನು ಅದನ್ನು ಬಾಯಿಪಾಠ ಮಾಡಿದ ನಮ್ಮ ಕಥೆ ಕೇಳಿ. ಕೆಲವು ವರ್ಷಗಳ ನಂತರ ಒಂದು ಗುರುವಾರ ರಾತ್ರಿ ನಮ್ಮ ಮೊಬೈಲಿಗೆ ಒಂದು ವೀಡಿಯೋ ಬಂತು. ಟೋಪಿ ಹಾಕಿದ ಹುಡುಗರನ್ನು ಯಾರೋ ಥಳಿಸುತ್ತಿದ್ದರು. ಇದು ನಮ್ಮ ರಾಜ್ಯದಲ್ಲೇ ನಡೆದದ್ದು, ನಾಳೆ ಎಲ್ಲ ಮಸೀದಿಗಳಲ್ಲಿ ಹೇಳಿ ಎಂದು ಕೆಳಗೆ ಬರೆದಿತ್ತು. ಕಣ್ಣಲ್ಲಿ ನೀರು ಬಂತು. ಮರುದಿನದ ಭಾಷಣದ ಚೀಟಿಯಲ್ಲಿ ಅದನ್ನು ಬರೆದೂ ಇಟ್ಟೆವು. ಬೆಳಿಗ್ಗೆ ಮದ್ರಸದಲ್ಲಿ ದೊಡ್ಡ ತರಗತಿಯ ಹುಡುಗನೊಬ್ಬ ಅದನ್ನು ನೋಡಿ, “ಉಸ್ತಾದೇ, ಹಿಂದಿರುವ ಅಂಗಡಿಯ ಬೋರ್ಡ್ ನೋಡಿ, ಅದು ನಮ್ಮ ದೇಶದ ಭಾಷೆಯೇ ಅಲ್ಲ” ಎಂದ. ಹೌದು, ಅದು ಬೇರಾವುದೋ ದೇಶದ್ದು. ಆ ಹುಡುಗ ಇಲ್ಲದಿದ್ದರೆ, ಇದೇ ಮಿಂಬರಿನ ಮೇಲೆ ನಿಂತು ನಾವು ಸುಳ್ಳು ಹೇಳುತ್ತಿದ್ದೆವು. ನೀವು ಅದನ್ನು ನಂಬುತ್ತಿದ್ದಿರಿ. ಹೊರಗೆ ಹೋಗಿ ಸಿಟ್ಟಿನಲ್ಲಿ ಏನು ಮಾಡುತ್ತಿದ್ದಿರೋ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಆ ದಿನ ಆ ಹದೀಸ್ ನಮ್ಮ ಮುಖಕ್ಕೇ ಬಂದು ನಿಂತಿತು.

ಈ ರೋಗ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. 2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್ ಎಂಬ ಊರಿನಲ್ಲಿ ನೃತ್ಯದ ತರಗತಿಗೆ ಬಂದಿದ್ದ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಒಬ್ಬ ಇರಿದು ಕೊಂದ. ಕೊಂದವನು ದೋಣಿಯಲ್ಲಿ ಬಂದ ಮುಸ್ಲಿಂ ವಲಸಿಗ ಎಂಬ ಸುಳ್ಳು ಮೊಬೈಲುಗಳಲ್ಲಿ ಹರಡಿತು. ಅವನು ಆ ದೇಶದಲ್ಲೇ, ಕಾರ್ಡಿಫಿನಲ್ಲಿ ಹುಟ್ಟಿದ ಹುಡುಗ. ಆದರೆ ಸತ್ಯ ಹೊರಡುವ ಮೊದಲೇ ಮರುದಿನ ಸಂಜೆ ಆ ಊರಿನ ಮಸೀದಿಯ ಮೇಲೆ ಇಟ್ಟಿಗೆಗಳು ಬಿದ್ದವು, ಗೋಡೆ ಒಡೆಯಿತು. ಅದರ ಮರುದಿನ ಅದೇ ಊರಿನ ಜನ, ಮುಸ್ಲಿಮರಲ್ಲದವರು, ಬಂದು ಆ ಗೋಡೆಯನ್ನು ಕಟ್ಟಿಕೊಟ್ಟರು. ಅಲ್ಲಿಯೂ ಕಲ್ಲು ಎಸೆದ ಕೈ ಇತ್ತು, ಕಲ್ಲು ಜೋಡಿಸಿದ ಕೈಯೂ ಇತ್ತು.

ಒಂದೇ ಘಟನೆ, ಎರಡು ವಾಹಿನಿ

ನಮ್ಮ ಮನೆಗಳಿಗೆ ಒಂದು ವಿಶೇಷವಿದೆ. ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ಮಲಯಾಳಂ ವಾರ್ತೆಯನ್ನೂ ನೋಡುತ್ತೇವೆ, ಕನ್ನಡ ವಾರ್ತೆಯನ್ನೂ ನೋಡುತ್ತೇವೆ. ಹಾಗಾಗಿ ಒಂದೇ ಘಟನೆ ಎರಡು ವಾಹಿನಿಗಳಲ್ಲಿ ಎರಡು ಬಣ್ಣ ಪಡೆಯುವುದನ್ನು ಕಣ್ಣಾರೆ ಕಂಡವರು ನಾವು.

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಜಿಲ್ಲೆಯಲ್ಲಿ ಇಂಟರ್ನೆಟ್ ನಿಂತಿತು. ಮರುದಿನ ಆಸ್ಪತ್ರೆಯ ಬಳಿ ವರದಿಗೆ ಬಂದಿದ್ದ ಕೇರಳದ ಪತ್ರಕರ್ತರನ್ನು ಪೊಲೀಸರು ಹಿಡಿದಿಟ್ಟು, ಹಲವು ಗಂಟೆಗಳ ನಂತರ ತಲಪಾಡಿ ಗಡಿಯಲ್ಲಿ ಬಿಟ್ಟರು. ಆ ಹೊತ್ತಿನಲ್ಲಿ ಕೆಲವು ಕನ್ನಡ ವಾಹಿನಿಗಳಲ್ಲಿ ಅವರು ‘ನಕಲಿ ಪತ್ರಕರ್ತರು’. ಮಲಯಾಳಂ ವಾಹಿನಿ ಹಚ್ಚಿದರೆ, ನಾವು ದಿನವೂ ನೋಡುವ ಅದೇ ಮುಖಗಳು! ಮುಂದೆ 2020ರ ಫೆಬ್ರವರಿಯಲ್ಲಿ ಬಂಧಿತರಿಗೆ ಜಾಮೀನು ಕೊಡುವಾಗ ರಾಜ್ಯದ ಹೈಕೋರ್ಟು, ಪೊಲೀಸರ ಅತಿರೇಕವನ್ನು ಮುಚ್ಚುವ ಪ್ರಯತ್ನ ಕಾಣುತ್ತಿದೆ ಎಂಬರ್ಥದ ಮಾತು ಹೇಳಿತು. ಸುಪ್ರೀಂ ಕೋರ್ಟು ಮಾರ್ಚಿನಲ್ಲಿ ಆ ಆದೇಶಕ್ಕೆ ತಡೆ ನೀಡಿತು, ಸೆಪ್ಟೆಂಬರಿನಲ್ಲಿ ಷರತ್ತು ವಿಧಿಸಿ ಜಾಮೀನು ಕೊಟ್ಟಿತು. ಒಂಬತ್ತು ತಿಂಗಳು. ವಾಹಿನಿಗಳು ಒಂದೇ ಸಂಜೆಯಲ್ಲಿ ಕೊಟ್ಟ ತೀರ್ಪಿಗೂ ನ್ಯಾಯಾಲಯಗಳು ಇಷ್ಟು ಕಾಲ ತೂಗಿದ್ದಕ್ಕೂ ಇರುವ ವ್ಯತ್ಯಾಸ ನೋಡಿ.

2020ರ ಮಾರ್ಚ್ ಮತ್ತು ಏಪ್ರಿಲನ್ನು ನೆನಪಿಸಿಕೊಳ್ಳಿ. ಕೊರೊನಾ ಬಂದಾಗ ದೆಹಲಿಯ ತಬ್ಲೀಗ್ ಮರ್ಕಝಿನ ಹೆಸರಿನಲ್ಲಿ ಇಡೀ ಸಮುದಾಯವೇ ರೋಗ ಹಂಚುತ್ತಿದೆ ಎಂಬಂತೆ ದಿನವಿಡೀ ಬಿತ್ತರವಾಯಿತು. ತರಕಾರಿ ಮಾರುವವನ ಹೆಸರು ಕೇಳಿ ಗಾಡಿ ತಿರುಗಿಸಿ ಕಳಿಸಿದ ದಿನಗಳವು. ಅದೇ ವರ್ಷ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು, ಮಾಧ್ಯಮಗಳ ಪ್ರಚಾರವನ್ನೂ ಟೀಕಿಸಿತು. 2021ರ ಜೂನಿನಲ್ಲಿ ಸುದ್ದಿ ವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರವು ಇದೇ ವಿಷಯದ ಪ್ರಸಾರಕ್ಕಾಗಿ ಎರಡು ಕನ್ನಡ ವಾಹಿನಿಗಳಿಗೆ ದಂಡ ಹಾಕಿತು. ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ. ಸುಳ್ಳು ಎಲ್ಲರ ಮನೆಗೂ ತಲುಪಿತು. ತೀರ್ಪು ಎಷ್ಟು ಮನೆಗೆ ತಲುಪಿತು? ನಮ್ಮಲ್ಲೇ ಎಷ್ಟು ಮಂದಿಗೆ ಇದು ಗೊತ್ತಿತ್ತು?

ಇದು ಅನ್ಯಾಯ. ಅನ್ಯಾಯವನ್ನು ಅನ್ಯಾಯ ಎಂದೇ ಹೇಳಬೇಕು. ಆದರೆ ಮಾತು ಇಲ್ಲಿಗೆ ಮುಗಿದರೆ ನೀವೆಲ್ಲ ಖುಷಿಯಿಂದ ಮನೆಗೆ ಹೋಗುತ್ತೀರಿ, ನಮ್ಮ ತಕ್ಕಡಿ ಹಾಗೆಯೇ ಉಳಿಯುತ್ತದೆ.

ನಮ್ಮ ತಕ್ಕಡಿ

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ. ಶಾಸಕರೊಬ್ಬರ ಸಂಬಂಧಿಕ ಫೇಸ್‌ಬುಕ್‌ನಲ್ಲಿ ಪ್ರವಾದಿ(ಸ)ರನ್ನು ನಿಂದಿಸಿ ಬರೆದ. ಕೇಳಿದ ಯಾವ ಮುಸ್ಲಿಮನ ಹೃದಯವೂ ನೋಯದಿರಲು ಸಾಧ್ಯವಿಲ್ಲ. ದೂರು ಕೊಡುವ ಹಕ್ಕಿತ್ತು, ಆತನ ಬಂಧನವೂ ಆಯಿತು. ಆದರೆ ಆ ರಾತ್ರಿ ಒಂದು ಗುಂಪು ಶಾಸಕರ ಮನೆಗೆ ಬೆಂಕಿ ಇಟ್ಟಿತು. ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ವಾಹನಗಳು ಉರಿದವು. ಪೊಲೀಸರ ಗುಂಡಿಗೆ ಮೂವರು ಯುವಕರು ಸತ್ತರು. ನೂರಾರು ಮಂದಿ ಜೈಲು ಸೇರಿದರು, ಅನೇಕರ ಮೇಲೆ ಯುಎಪಿಎ ಬಿತ್ತು. ಕೂಲಿ ಮಾಡಿ ಮನೆ ನಡೆಸುವ ಹುಡುಗರ ತಾಯಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು.

ಅದೇ ರಾತ್ರಿ ಮುಸ್ಲಿಂ ಯುವಕರು ಕೈಕೈ ಹಿಡಿದು ಸಾಲಾಗಿ ನಿಂತು ಅಲ್ಲಿನ ಹನುಮಾನ್ ದೇವಸ್ಥಾನವನ್ನು ಕಾದರು. ಅದರ ವೀಡಿಯೋವನ್ನು ನಾವೆಲ್ಲ ಹಂಚಿದೆವು. ಹಂಚಬೇಕಾದದ್ದೇ. ಆದರೆ ಉರಿದ ಠಾಣೆಯ ಬಗ್ಗೆ ನಮ್ಮ ಗುಂಪುಗಳಲ್ಲಿ ಎಷ್ಟು ಮಂದಿ, ಇದು ಹರಾಮ್, ಇದು ತಪ್ಪು ಎಂದು ಬರೆದರು? ಬೆಂಕಿಯನ್ನು ತೋರಿಸಿ ಮಾನವ ಸರಪಳಿಯನ್ನು ಮರೆಮಾಚಿದ ವಾಹಿನಿಯನ್ನು ಪಕ್ಷಪಾತಿ ಎನ್ನುತ್ತೇವೆ. ಮಾನವ ಸರಪಳಿಯನ್ನು ತೋರಿಸಿ ಬೆಂಕಿಯನ್ನು ಮರೆಮಾಚಿದ ನಮ್ಮನ್ನು ಏನೆಂದು ಕರೆಯಬೇಕು? ಅದೂ ಗೋಡೆ ಬಿಟ್ಟು ಕಲ್ಲು ಮಾತ್ರ ತೆಗೆದ ಫೋಟೋವೇ ಅಲ್ಲವೇ?

ಮುಫಸ್ಸಿರುಗಳು ಸೂರಾ ಅನ್ನಿಸಾದ 105ನೇ ವಚನದಿಂದ ಮುಂದಿನ ವಚನಗಳ ಹಿನ್ನೆಲೆಯಾಗಿ ಒಂದು ಘಟನೆ ಹೇಳುತ್ತಾರೆ. ಮದೀನಾದಲ್ಲಿ ಮುಸ್ಲಿಮನೆಂದು ಹೇಳಿಕೊಳ್ಳುವ ಒಬ್ಬ ಯುದ್ಧದ ಕವಚ ಕದ್ದ. ಸಿಕ್ಕಿಬೀಳುವ ಹೊತ್ತಿಗೆ ಅದನ್ನು ಒಬ್ಬ ಯಹೂದಿಯ ಮನೆಗೆ ಸೇರಿಸಿ, ಕಳ್ಳ ಅವನೇ ಎಂದ. ಇವನ ಕುಟುಂಬದವರೆಲ್ಲ ಒಟ್ಟಾಗಿ ಪ್ರವಾದಿ(ಸ)ರ ಬಳಿ ಬಂದು, ನಮ್ಮವನು ನಿರಪರಾಧಿ ಎಂದು ವಾದಿಸಿದರು. ಸಾಕ್ಷ್ಯವೂ ಅವರ ಪರವಾಗಿ ಕಾಣುತ್ತಿತ್ತು. ಆಗ ಆಕಾಶದಿಂದ ವಹ್ಯ್ ಬಂತು. ಯಾರ ಪರವಾಗಿ? ಆ ಯಹೂದಿಯ ಪರವಾಗಿ. ವಂಚಕರ ಪರ ವಾದಿಸಬೇಡಿ ಎಂಬ ಆಜ್ಞೆ ಬಂತು. ತಾನು ಪಾಪ ಮಾಡಿ ಅದನ್ನು ನಿರಪರಾಧಿಯ ತಲೆಗೆ ಕಟ್ಟುವವನು ದೊಡ್ಡ ಸುಳ್ಳಿನ ಭಾರ ಹೊತ್ತಿದ್ದಾನೆ ಎಂದು ಮುಂದೆ ಹೇಳಲಾಯಿತು. ಮುಸ್ಲಿಮರು ಇನ್ನೂ ಸಣ್ಣ ಸಂಖ್ಯೆಯಲ್ಲಿದ್ದ, ನಾಲ್ಕೂ ಕಡೆ ವಿರೋಧಿಗಳಿದ್ದ ಕಾಲವದು. ನಮ್ಮವನ ತಪ್ಪು ಹೊರಗೆ ಬಂದರೆ ಸಮುದಾಯಕ್ಕೆ ಕೆಟ್ಟ ಹೆಸರು, ಸ್ವಲ್ಪ ಮುಚ್ಚಿಡೋಣ ಎಂದು ಅಲ್ಲಾಹನು ಹೇಳಲಿಲ್ಲ. ಆ ಒಬ್ಬ ನಿರಪರಾಧಿಗಾಗಿ ಅವತರಿಸಿದ ವಚನಗಳನ್ನು ಕಿಯಾಮತ್ ನಾಳಿನವರೆಗೂ ನಾವು ನಮಾಝಿನಲ್ಲಿ ಓದಬೇಕು.

ಅದೇ ಸೂರಾದ 135ನೇ ವಚನ, ಸಾಕ್ಷಿ ನಿಮ್ಮ ವಿರುದ್ಧವಾದರೂ, ತಂದೆತಾಯಿಯ, ಬಂಧುಗಳ ವಿರುದ್ಧವಾದರೂ ನ್ಯಾಯದ ಪರ ನಿಲ್ಲಿ ಎಂದು ಆಜ್ಞಾಪಿಸುತ್ತದೆ. ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ತಳ್ಳದಿರಲಿ ಎಂದು ಸೂರಾ ಅಲ್ ಮಾಇದಾದ 8ನೇ ವಚನ ಎಚ್ಚರಿಸುತ್ತದೆ. ಮೊದಲನೆಯದು ಪ್ರೀತಿಯಿಂದ ತಕ್ಕಡಿ ವಾಲದಿರಲು, ಎರಡನೆಯದು ಸಿಟ್ಟಿನಿಂದ ವಾಲದಿರಲು.

ಬೀದಿಗಿಳಿಯುವ ಮುನ್ನ

ಹಾಗಾದರೆ ಅನ್ಯಾಯವಾದಾಗ ಸುಮ್ಮನಿರಬೇಕೇ ಎಂದು ಯುವಕರು ಕೇಳುತ್ತಾರೆ. ಇಲ್ಲ. ನಮ್ಮ ಸಂವಿಧಾನದ 19ನೇ ವಿಧಿ ಮಾತನಾಡುವ ಹಕ್ಕನ್ನೂ, ಶಾಂತಿಯಿಂದ ಆಯುಧವಿಲ್ಲದೆ ಸೇರುವ ಹಕ್ಕನ್ನೂ ಎಲ್ಲ ಪ್ರಜೆಗಳಿಗೆ ಕೊಟ್ಟಿದೆ. ಮಂಗಳೂರಿನ ಗುಂಡಿನ ಸದ್ದು ಮರೆಯುವ ಮೊದಲೇ, ಒಂದು ತಿಂಗಳೂ ತುಂಬದೆ, 2020ರ ಜನವರಿ 15ರಂದು ಅದೇ ಮಂಗಳೂರಿನ ಬಳಿಯ ಅಡ್ಯಾರಿನಲ್ಲಿ ಭಾರೀ ಜನಸಾಗರ ಸೇರಿತು. ಕೈಯಲ್ಲಿ ರಾಷ್ಟ್ರಧ್ವಜ ಇತ್ತು. ಹೇಳಬೇಕಾದ್ದನ್ನು ಹೇಳಿ, ಶಾಂತವಾಗಿ ಮನೆಗೆ ಮರಳಿತು. ಅಷ್ಟು ನೋವಿನ ನಡುವೆಯೂ ಅದು ಸಾಧ್ಯವಾಯಿತು ಎಂದರೆ, ಎಲ್ಲ ಕಾಲಕ್ಕೂ ಸಾಧ್ಯ.

ಕಲ್ಲು ಎಸೆದವನು ಯಾರಿಗೆ ಉಪಕಾರ ಮಾಡುತ್ತಾನೆ ಯೋಚಿಸಿ. ಸಾವಿರ ಮಂದಿ ಶಾಂತವಾಗಿ ನಿಂತದ್ದು ಸುದ್ದಿಯಾಗುವುದಿಲ್ಲ. ಒಬ್ಬನು ಎಸೆದ ಕಲ್ಲು ನೂರು ಬಾರಿ ಪರದೆಯ ಮೇಲೆ ಓಡುತ್ತದೆ. ನಮ್ಮ ವಿರುದ್ಧ ಸುದ್ದಿ ಹುಡುಕುವವನಿಗೆ ನಾವೇ ಸುದ್ದಿ ಒದಗಿಸಿದಂತೆ. ಅದಕ್ಕಿಂತ ದೊಡ್ಡ ಮಾತು, ಅದು ಪಾಪ. ದಾರಿಯಿಂದ ತೊಂದರೆಯ ವಸ್ತುವನ್ನು ಬದಿಗೆ ಸರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ)ರು ಕಲಿಸಿದರು. ಆ ಪ್ರವಾದಿಯ ಪ್ರೀತಿಯ ಹೆಸರಿನಲ್ಲಿ ದಾರಿಗೆ ಕಲ್ಲು ಹಾಕುವುದು, ಟಯರ್ ಸುಡುವುದು, ಆಸ್ಪತ್ರೆಗೆ ಹೋಗುವ ವಾಹನವನ್ನು ತಡೆಯುವುದು ಯಾವ ಪ್ರೀತಿ?

ಸಹೋದರನು ಅಕ್ರಮಿಯಾದರೂ ಅಕ್ರಮಕ್ಕೊಳಗಾದವನಾದರೂ ಅವನಿಗೆ ಸಹಾಯ ಮಾಡಿ ಎಂದು ಪ್ರವಾದಿ(ಸ)ರು ಹೇಳಿದಾಗ ಸಹಾಬಿಗಳಿಗೆ ಅಚ್ಚರಿಯಾಯಿತು. ಅಕ್ರಮಿಗೆ ಸಹಾಯ ಹೇಗೆ ಎಂದು ಕೇಳಿದರು. ಅಕ್ರಮದಿಂದ ಅವನನ್ನು ತಡೆಯುವುದೇ ಅವನಿಗೆ ಮಾಡುವ ಸಹಾಯ ಎಂಬುದು ಉತ್ತರವಾಗಿತ್ತು. ಇಮಾಮ್ ಬುಖಾರಿ ಇದನ್ನು ವರದಿ ಮಾಡಿದ್ದಾರೆ. ಹಿರಿಯರೇ, ನಮ್ಮ ಹುಡುಗರಿಗೆ ನಾವು ಮಾಡಬೇಕಾದ ಮೊದಲ ಸಹಾಯ ವಕೀಲರನ್ನು ಹುಡುಕುವುದಲ್ಲ. ಕಲ್ಲು ಎತ್ತುವ ಮೊದಲು ಆ ಕೈ ಹಿಡಿಯುವುದು.

ಮನೆಗೆ ಒಯ್ಯಬೇಕಾದ ನಾಲ್ಕು ಮಾತು

ಒಂದು, ಸಿಟ್ಟು ಬರಿಸುವ ಸುದ್ದಿ ಬಂದರೆ ಮುಂದಕ್ಕೆ ಕಳಿಸಬೇಡಿ, ಕೇಳಿ. ಎಲ್ಲಿಯದು? ಯಾವಾಗಿನದು? ಯಾರು ಕಂಡವರು? ಊರು, ದಿನ, ಕಂಡವರು ಈ ಮೂರಕ್ಕೆ ಉತ್ತರ ಸಿಗದ ಸುದ್ದಿ ನಿಮ್ಮ ಮೊಬೈಲಿನಲ್ಲೇ ಸಾಯಲಿ. ಭಯದ ಸುದ್ದಿಯನ್ನು ಹಬ್ಬಿಸದೆ ತಿಳಿದವರ, ಹೊಣೆಯಿರುವವರ ಬಳಿಗೆ ಒಯ್ಯಬೇಕೆಂಬುದು ಸೂರಾ ಅನ್ನಿಸಾದ 83ನೇ ವಚನದ ಪಾಠ. ಜಮಾಅತ್ ಕಮಿಟಿಗೆ ತಿಳಿಸಿ, ಠಾಣೆಗೆ ತಿಳಿಸಿ.

ಎರಡು, ನೀವು ಕಳಿಸಿದ ಸುದ್ದಿ ಸುಳ್ಳು ಎಂದು ಗೊತ್ತಾದರೆ, ಕಳಿಸಿದ ಎಲ್ಲ ಕಡೆಗೂ ‘ನಾನು ಕಳಿಸಿದ್ದು ಸುಳ್ಳು’ ಎಂದು ಬರೆಯಿರಿ. ಸುಮ್ಮನೆ ಅಳಿಸಿದರೆ ಸಾಲದು. ತೌಬಾ ಮಾಡುವವನು ತೆಗೆದುಕೊಂಡ ಹಕ್ಕನ್ನು ಹಿಂದಿರುಗಿಸಬೇಕಲ್ಲ? ಒಬ್ಬರ ಮಾನವೂ ಹಕ್ಕೇ.

ಮೂರು, ವಾಹಿನಿಯೋ ಪತ್ರಿಕೆಯೋ ಸುಳ್ಳು ಹೇಳಿದರೆ ಹೋಟೆಲಿನಲ್ಲಿ ಬೈದು ಎದ್ದು ಬರಬೇಡಿ. ದಿನ, ಸಮಯ, ಕಾರ್ಯಕ್ರಮದ ಹೆಸರು ಬರೆದಿಡಿ, ತುಣುಕನ್ನು ಉಳಿಸಿಡಿ, ತಡಮಾಡದೆ ಮೊದಲು ಆ ವಾಹಿನಿಗೇ ಲಿಖಿತ ದೂರು ಕೊಡಿ. ನ್ಯಾಯ ಸಿಗದಿದ್ದರೆ ವಾಹಿನಿಯ ದೂರಿಗೆ ಪ್ರಸಾರ ಪ್ರಾಧಿಕಾರವಿದೆ, ಪತ್ರಿಕೆಯ ದೂರಿಗೆ ಭಾರತೀಯ ಪತ್ರಿಕಾ ಮಂಡಳಿ ಇದೆ. 2021ರ ದಂಡ ಆಕಾಶದಿಂದ ಬೀಳಲಿಲ್ಲ. ಬೆಂಗಳೂರಿನಲ್ಲಿ ಯಾರೋ ಕೆಲವರು ತಾಳ್ಮೆಯಿಂದ ಕುಳಿತು ಬರೆದದ್ದಕ್ಕೆ ಬಂತು. ನಮ್ಮ ಮಕ್ಕಳು ಓದಿದ್ದಾರೆ. ಅವರ ಓದು ಇದಕ್ಕೂ ಬರಲಿ.

ನಾಲ್ಕು, ಬೇರೆ ಧರ್ಮದ ಒಬ್ಬರಾದರೂ ನಿಮಗೆ ಫೋನ್ ಮಾಡಿ “ಇದು ಹೌದಾ?” ಎಂದು ಕೇಳುವಷ್ಟು ಸಲಿಗೆ ಉಳಿಸಿಕೊಳ್ಳಿ. ನೀವೂ ಅವರನ್ನು ಕೇಳುವಷ್ಟು ಸಲಿಗೆ ಇರಲಿ. ಅವರ ಮನೆಯ ಮದುವೆಗೆ ಹೋಗಿ, ಸಾವಿಗೆ ಹೋಗಿ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಮನೆ ಕಳೆದುಕೊಂಡವರಿಗೆ ಬಾಗಿಲು ತೆರೆದವರು ಜಾತಿ ಕೇಳಲಿಲ್ಲ. ಅಂಥ ಬಾಗಿಲು ಮಳೆಗಾಲಕ್ಕೆ ಮಾತ್ರ ತೆರೆದರೆ ಸಾಲದು. ನಾವು ಸಿಟ್ಟನ್ನು ನುಂಗಿ ಅಂದು “ಬಂದು ನೋಡಿ” ಎಂದದ್ದು, ಅವರು ಸಂಶಯವನ್ನು ನುಂಗಿ “ಹೌದಾ?” ಎಂದು ಕೇಳಿದ್ದು, ಎರಡೂ ಸೇರಿ ಒಂದು ಊರನ್ನು ಉಳಿಸಿತು. ಆ ಗೋಡೆ ಈಗ ಎದ್ದು ನಿಂತಿದೆ. ನೀವು ದಿನವೂ ಅದಕ್ಕೆ ಒರಗಿ ಮಾತನಾಡುತ್ತೀರಿ. ಆ ಕಲ್ಲುಗಳ ಕಥೆ ಮಕ್ಕಳಿಗೆ ಹೇಳಿ.

ಸತ್ಯವಿಶ್ವಾಸಿಗಳೇ, ನಾಳೆ ಮಹ್ಶರಾದಲ್ಲಿ ಮೀಝಾನ್ ಇಡಲ್ಪಡುತ್ತದೆ. ಅಲ್ಲಿ ಒಂದೇ ತಕ್ಕಡಿ. ನಮಗೊಂದು, ಅವರಿಗೊಂದು ಇಲ್ಲ. ಕಿವಿ, ಕಣ್ಣು, ಹೃದಯ ಎಲ್ಲವೂ ವಿಚಾರಣೆಗೆ ಒಳಗಾಗುತ್ತವೆ ಎಂದು ಸೂರಾ ಅಲ್ ಇಸ್ರಾದ 36ನೇ ವಚನ ಎಚ್ಚರಿಸಿದೆ. ಒತ್ತಿದ ಬೆರಳು ಹೊರತಾದೀತೇ?

ಅಲ್ಲಾಹನೇ, 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಪ್ರಾಣ ಕಳೆದುಕೊಂಡವರ ಮನೆಗಳಿಗೆ, ಎರಡೂ ಮನೆಗಳಿಗೆ, ಸಮಾಧಾನ ಕೊಡು. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಸಹನೆ ಕೊಡು. ನಮ್ಮ ಹುಡುಗರ ಕೈಯನ್ನು ಕಲ್ಲಿನಿಂದ, ನಮ್ಮ ನಾಲಿಗೆಯನ್ನು ಸುಳ್ಳಿನಿಂದ ಕಾಪಾಡು. ನಮ್ಮ ಮೇಲಾಗುವ ಅನ್ಯಾಯವನ್ನು ನ್ಯಾಯದ ದಾರಿಯಲ್ಲೇ ಎದುರಿಸುವ ಧೈರ್ಯ ಕೊಡು. ನಮ್ಮ ತಪ್ಪನ್ನು ತಪ್ಪೆಂದು ಒಪ್ಪುವ, ಅದಕ್ಕಿಂತಲೂ ದೊಡ್ಡ ಧೈರ್ಯವನ್ನು ಕೊಡು. ಈ ಕೊಡಗನ್ನು, ಈ ಕರ್ನಾಟಕವನ್ನು, ಈ ದೇಶವನ್ನು ಎಲ್ಲರಿಗೂ ಭಯವಿಲ್ಲದೆ ಬಾಳುವ ನೆಲವಾಗಿ ಉಳಿಸು. ಆಮೀನ್, ಯಾ ರಬ್ಬಲ್ ಆಲಮೀನ್.